ಕರಿ ಮೀನು ಮತ್ತು ಸವಳು ಬೋರು

ಈ ಬೇಸಿಗೆಯಲ್ಲಿ ನಾನು ಆರು ಮೀನಿಗೆ ಉಪ್ಪುನೀರಿನ ರೂಢಿ ಮಾಡಿಸಿದೆ. (ಬೈಯಬೇಡಿ, ಪೂರ್ತಿ ಕೇಳಿ.)

ಮೀನು ನನ್ನವಲ್ಲ. ಸಿಂಧನೂರಿನಲ್ಲಿ ನಮ್ಮ ಪಕ್ಕದ ಮನೆ ಶಮಶಾದ್, ಮಗಳ ಬಾಣಂತನಕ್ಕೆ ಲಿಂಗಸುಗೂರಿಗೆ ಹೊರಟಾಗ ತನ್ನ ಪುಟ್ಟ ಅಕ್ವೇರಿಯಂ ತಂದು ನನ್ನ ಅಡುಗೆಕಟ್ಟೆ ಮೇಲಿಟ್ಟಳು. "ಆರು ಅದಾವ ನೋಡ್ರಿ ಅಕ್ಕಾ, ಎಣಿಸಿ ಕೊಟ್ಟೀನಿ. ನಾ ಬರೋತನಕ ಜ್ವಾಕಿ." ಮನೆಯಲ್ಲಿ ಅವಳೊಬ್ಬಳೇ. ದಿನಾ ಬೆಳಗಿನ ಚಹಾ ಕುಡಿಯೋದು ಆ ಮೀನುಗಳ ಮುಂದೆ. ಒಂದೊಂದಕ್ಕೂ ಹೆಸರಿಟ್ಟಿದ್ದಾಳೆ.

ಅವಳು ಹೋದ ವಾರಕ್ಕೇ ನಮಗೆ ಸಿಹಿನೀರು ಕೊಡೋ ಕಾಲುವೆ ಬಂದ್ ಆಯ್ತು. ಉಳಿದದ್ದು ಓಣಿಯ ಬೋರು, ಬರೀ ಉಪ್ಪುಪ್ಪು ಸವಳು ನೀರು. ಆ ನೀರಲ್ಲಿ ಬೇಳೆ ಬೇಯಲ್ಲ, ಸೋಪು ನೊರೆ ಬಿಡಲ್ಲ. ಮೀನು ಬದುಕ್ತಾವಾ? ಅವಳು ಮೀನು ಕೊಂಡಿದ್ದ ಮಸ್ಕಿಯ ಅಂಗಡಿಗೆ ಫೋನ್ ಮಾಡಿದೆ.

"ಯಾವ ಮೀನ್ರೀ?"

"ಕರೇವು. ಮೋಲಿ ಅಂತಾರಲ್ಲ, ಅವು."

"ಹಂಗಾರ ಚಿಂತಿ ಬಿಡ್ರಿ. ಗೋಲ್ಡ್‌ಫಿಶ್ ಇದ್ದಿದ್ರ ಬ್ಯಾಡ ಅಂತಿದ್ದೆ. ಮೋಲಿ ಸಮುದ್ರದ ನೀರಿಗೂ ಒಗ್ಗತಾವ. ಆದ್ರ ಸಾವಕಾಶ ರೀ, ದಿನಾ ಒಂದು ತಂಬಿಗಿ."

ಸಮುದ್ರದ ನೀರಿಗೂ? ನನಗೆ ತಲೆ ಕೆಟ್ಟಿತು. ಕೂತು ಓದಿದೆ. ಉಪ್ಪು ಹಚ್ಚಿದ ಮಾವಿನಹೋಳು ನೀರು ಬಿಡುತ್ತಲ್ಲ, ಕಡಲಲ್ಲಿ ಮೀನಿನ ಮೈಯೂ ಹಾಗೇ ನೀರು ಕಳಕೊಳ್ಳುತ್ತಂತೆ. ಅದಕ್ಕೇ ಕಡಲ ಮೀನು ನೀರು ಕುಡೀತಾನೇ ಇರಬೇಕು. (ಮೀನಿಗೂ ಬಾಯಾರಿಕೆ!) ಸಿಹಿನೀರಲ್ಲಿ ಉಲ್ಟಾ. ನೀರೇ ಒಳಗೆ ನುಗ್ಗುತ್ತೆ, ಮೀನು ಅದನ್ನು ಹೊರಹಾಕ್ತಾ ಇರಬೇಕು. ಬಹಳಷ್ಟು ಮೀನಿಗೆ ಇದರಲ್ಲಿ ಒಂದೇ ಕೆಲಸ ಗೊತ್ತು. ಮೋಲಿಗೆ ಎರಡೂ ಗೊತ್ತು, ಆದರೆ ಕಿವಿರು ಕೆಲಸ ಬದಲಿಸೋಕೆ ಟೈಮ್ ಬೇಕು.

ಸರಿ, ದಿನಾ ಒಂದು ತಂಬಿಗೆ ಹಳೇ ನೀರು ತೆಗೆದೆ, ಒಂದು ತಂಬಿಗೆ ಬೋರಿನ ನೀರು ಹಾಕಿದೆ. ತಿಂಗಳು ಕಳೆಯೋದರೊಳಗೆ ಅಕ್ವೇರಿಯಂ ನೀರು ನಾಲಿಗೆಗೆ ಬೋರಿನಷ್ಟೇ ಸವಳು. (ಹೌದು, ನೆಕ್ಕಿ ನೋಡಿದೆ.) ಆರೂ ಮೀನು ಪುಟಪುಟ ಓಡಾಡಿಕೊಂಡಿದ್ದವು. ಓಣಿಯಲ್ಲೆಲ್ಲ ಜಂಬ ಕೊಚ್ಚಿಕೊಂಡೆ.

ಆಮೇಲೆ ಕಾಲುವೆಗೆ ನೀರು ಬಂತು. ನಮ್ಮ ಕಡೆ ಅವತ್ತು ಯಾರು ಸುಮ್ಮನೆ ಕೂತಾರು? ಹಂಡೆ, ಕೊಡ, ಬ್ಯಾರೆಲ್ ಎಲ್ಲ ಚೆಲ್ಲಿ ತಿಕ್ಕಿ ಹೊಸ ನೀರು ತುಂಬಿದೆವು. ಅದೇ ಹುಮ್ಮಸ್ಸಲ್ಲಿ ಅಕ್ವೇರಿಯಮ್ಮಿನ ಹಳೇ ನೀರೂ ಚೆಲ್ಲಿ ಹೊಸದು ತುಂಬಿದೆ. ಪಾಪ, ಇಷ್ಟು ದಿನ ಸವಳಲ್ಲಿ ಇದ್ದಾವೆ, ಇವಕ್ಕೂ ಹಬ್ಬ ಆಗಲಿ ಅಂತ.

ಗಂಟೆಯೊಳಗೆ ಆರೂ ರೆಕ್ಕೆ ಮುದುಡಿ ತಳ ಹಿಡಿದವು. ಮಧ್ಯಾಹ್ನಕ್ಕೆ ಒಂದು ಮಗುಚಿ ತೇಲಿತು. ಮತ್ತೆ ಮಸ್ಕಿಗೆ ಫೋನ್.

"ಒಮ್ಮಿಗೇ ಸುರುವಿದ್ರೇನ್ರೀ? ಬೋರಿನ ನೀರ ಸ್ವಲ್ಪ ಸ್ವಲ್ಪ ವಾಪಸ್ ಕೂಡಸ್ರಿ."

ಸಂಜೆ ಹೊತ್ತಿಗೆ ಐದು ಮೀನು ಅಲುಗಾಡಿದವು. ನಾನು ಅತ್ತುಬಿಟ್ಟೆ.

ಶಮಶಾದ್ ಬಂದಾಗ ನಡೆದದ್ದೆಲ್ಲ ಹೇಳಿದೆ. ಗಾಜಿಗೆ ಮುಖ ಹಚ್ಚಿ ಬಹಳ ಹೊತ್ತು ನೋಡಿದಳು. ಹೋದದ್ದು ಯಾವುದು ಅಂತ ಅವಳಿಗೆ ತಿಳಿಯಿತು, ಹೆಸರು ಮಾತ್ರ ಹೇಳಲಿಲ್ಲ. ಬೈಯಲೂ ಇಲ್ಲ.

"ಉಪ್ಪಿನಾಗ ಬದುಕಿದ್ದು, ಸಿಹಿ ನೀರಾಗ ಯಾಕ ಸತ್ತಿತ್ರಿ ಅಕ್ಕಾ?"

ನಾನು ಕೆಟ್ಟ ನೀರಿಗೆ ಒಗ್ಗಿಸೋಕೆ ತಿಂಗಳು ಕೊಟ್ಟವಳು, ಒಳ್ಳೇ ನೀರಿಗೆ ಒಂದು ದಿನಾನೂ ಯಾಕೆ ಕೊಡಲಿಲ್ಲ?