ಡಗ್ಗಾ, ಕ್ಲಚ್ಚು ಮತ್ತು ನನ್ನ ಎಡಗೈ

ಆ ಭಾನುವಾರ ಕಂಪ್ಲಿಯ ಗುರುಗಳ ಮನೆಯ ಪಡಸಾಲೆಯಲ್ಲಿ ತಬಲಾ ನುಡಿಸುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ ಗುರುಗಳು ನಡುವೆಯೇ ಕೈಯೆತ್ತಿ ನಿಲ್ಲಿಸಿದರು.

“ಬಲಗೈ ಮಾತಾಡಾಕ ಹತ್ತೈತಿ, ಎಡಗೈ ಗೊಣಗಾಕ ಹತ್ತೈತಿ. ಏನಾತವ್ವಾ?”

ತಬಲಾ ಜೋಡಿಯಲ್ಲಿ ಎಡಗಡೆಯ ದೊಡ್ಡ ವಾದ್ಯವೇ ಡಗ್ಗಾ. ಅಂಗೈಯ ಬುಡವನ್ನು ಅದರ ಮೇಲೆ ಊರಿ, ಒತ್ತಿ ಸರಿಸಿದರೆ ಮಾತ್ರ ಆ ತುಂಬು ನಾದ ಏರಿ ಇಳಿಯುತ್ತದೆ. ನನಗೆ ಒತ್ತಲು ಆಗುತ್ತಿರಲಿಲ್ಲ. ಮಣಿಕಟ್ಟು ನೋಯುತ್ತಿತ್ತು, ಬೆರಳ ತುದಿಗಳು ಜೋಮು ಹಿಡಿದಿದ್ದವು. ಕಾರಣ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅದು ಹೊರಗೆ ಬೇವಿನ ಮರದ ನೆರಳಲ್ಲಿ ನಿಂತಿತ್ತು.

ನಾನು ಹೊಸಪೇಟೆಯವಳು, ಸಂಡೂರಿನ ಒಂದು ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತೇನೆ. ದಿನವೂ ಹೋಗಿ ಬರುವುದು ಸ್ಪೋರ್ಟ್ಸ್ ಬೈಕಿನಲ್ಲಿ. ಎದೆಯನ್ನು ಟ್ಯಾಂಕಿನ ಹತ್ತಿರಕ್ಕೆ ಬಾಗಿಸಿ ಓಡಿಸುವಂಥ ಗಾಡಿ ಅದು. ಹೆಣ್ಣುಮಕ್ಕಳಿಗೆ ಅದ್ಯಾಕೆ ಎಂದವರಿಗೆಲ್ಲ ನನಗೆ ಬೇಕು ಎಂದಷ್ಟೇ ಹೇಳಿದ್ದೆ. ತಬಲಾ ಕಲಿಯಲು ಹೊರಟಾಗಲೂ ಇದೇ ಪ್ರಶ್ನೆ ಬಂದಿತ್ತು, ಆಗಲೂ ಕೊಟ್ಟ ಉತ್ತರ ಬೇರೆಯಾಗಿರಲಿಲ್ಲ.

“ಗಾಡಿ ಬಿಟ್ಟುಬಿಡು, ಬಸ್ಸಿಗೆ ಹೋಗು,” ಅಂದರು ಗುರುಗಳು.

“ಗಾಡಿ ಬಿಡಂಗಿಲ್ರಿ, ತಬಲಾನೂ ಬಿಡಂಗಿಲ್ಲ. ಕೈ ಸರಿ ಮಾಡ್ಕೊಂಡು ಬರ್ತೀನಿ.”

ಅವರು ಸಿಟ್ಟಾಗಲಿಲ್ಲ. “ಹಂಗಾದ್ರ ಸರಿಯಾಗೋತನಕ ಇಲ್ಲಿ ಡಗ್ಗಾ ಮುಟ್ಟಬ್ಯಾಡ. ತಾಳ ಹಾಕ್ಕೋಂತ ಕುಂದ್ರು.”

ಹೊಸಪೇಟೆಯಲ್ಲಿ ಹಿರಿಯ ಗಾಯಕಿಯೊಬ್ಬರ ಕಚೇರಿಗೆ ನನ್ನನ್ನು ತಬಲಾ ಸಾಥಿಗೆ ಕೂರಿಸುವ ಮಾತಾಗಿತ್ತು. ಗುರುಗಳು ಅದನ್ನು ರದ್ದು ಮಾಡಲಿಲ್ಲ, ಆದರೆ ಮತ್ತೆ ಎತ್ತಲೂ ಇಲ್ಲ. ನನಗಿಂತ ತಡವಾಗಿ ಸೇರಿದವರು ನುಡಿಸುತ್ತಿರುವಾಗ ಪಕ್ಕದಲ್ಲಿ ಕೂತು ಬರೀ ತಾಳ ಹಾಕುವುದು ಎಂಥದ್ದೆಂದು ಅನುಭವಿಸಿದವರಿಗೇ ಗೊತ್ತು.

ಡಾಕ್ಟರು ನೋಡಿ, ಮೂಳೆಗೇನೂ ಆಗಿಲ್ಲ, ನರದ ಮೇಲೆ ಒತ್ತಡ ಬೀಳುತ್ತಿದೆ, ಅದನ್ನು ತಪ್ಪಿಸಿ ಎಂದರು. ಅಷ್ಟು ಸಾಕಾಯಿತು. ಊರಿನ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ನನ್ನದೇ ವಯಸ್ಸಿನವನು.

“ಅಕ್ಕಾರ, ಇದು ಬಗ್ಗಿ ಓಡ್ಸೋ ಗಾಡಿರಿ. ಕೈ ನೋಯೋದು ಅದರ ಗುಣ.”

“ಗುಣ ಬದಲಿ ಮಾಡೋಣ, ಬರ್ರಿ,” ಅಂದೆ.

ಇಂಥ ಗಾಡಿಗೆ ಹ್ಯಾಂಡಲ್ ಒಂದೇ ಉದ್ದನೆಯ ಕಂಬಿಯಲ್ಲ. ಎರಡು ಗಿಡ್ಡ ತುಂಡುಗಳು, ಮುಂದಿನ ಚಕ್ರದ ಮೇಲಿನ ಕೊಳವೆಗಳನ್ನು ಎಡಕ್ಕೊಂದು ಬಲಕ್ಕೊಂದು ಕಚ್ಚಿಕೊಂಡಿರುತ್ತವೆ. ಅವನ್ನು ತೆಗೆದು ಇನ್ನಷ್ಟು ಎತ್ತರದ ತುಂಡುಗಳನ್ನು ಕೂರಿಸೋಣ ಎಂದ. ಸ್ಕೂಟರಿನ ಹಾಗೆ ಆಗದಿದ್ದರೆ ಸಾಕು ಎಂದು ನಾನು ಒಪ್ಪಿದೆ.

ಹೊಸ ಹ್ಯಾಂಡಲ್ ಕೂತ ದಿನ ಹಂಪಿಯ ದಾರಿ ಹಿಡಿದೆ. ಬೆನ್ನು ನೆಟ್ಟಗಾಗಿತ್ತು, ಕೈ ಹಗುರಾಗಿತ್ತು. ಇಷ್ಟು ಸುಲಭವೇ ಎಂದುಕೊಂಡು ಕಡ್ಡಿರಾಂಪುರದ ಮಿರ್ಚಿ ಅಂಗಡಿಯ ಮುಂದೆ ಗಾಡಿಯನ್ನು ಹಿಂದಕ್ಕೆ ತಿರುಗಿಸಿದೆ. ಹ್ಯಾಂಡಲ್ ಪೂರ್ತಿ ಹೊರಳಿದ್ದೇ ತಡ, ನನ್ನ ಬಲಗೈ ಅದಕ್ಕೂ ಟ್ಯಾಂಕಿಗೂ ನಡುವೆ ಸಿಕ್ಕಿಕೊಂಡಿತು. ಎಡಗಡೆ, ಹೊಸ ಎತ್ತರಕ್ಕೆ ಗಿಡ್ಡದಾಗಿದ್ದ ಕ್ಲಚ್ ವೈರು ಬಿಗಿದು ಗಾಡಿಯ ಎಳೆತವೇ ನಿಂತಿತು. ಎಮ್ಮೆ ಮಲಗುವ ಹಾಗೆ ನಿಧಾನಕ್ಕೆ ಇಬ್ಬರೂ ಮಣ್ಣಿಗೆ ಒರಗಿದೆವು.

ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದವರು ಓಡಿ ಬಂದು ಗಾಡಿ ಎತ್ತಿದರು. “ಪೆಟ್ಟಾತೇನ್ರಿ?” ಎಂದು ಕೇಳಿದರು.

“ಇಲ್ರಿ. ಅಳತಿ ತಪ್ಪೈತಿ, ಅಷ್ಟ.”

ಅಲ್ಲಿಂದ ಸೀದಾ ಗ್ಯಾರೇಜಿಗೇ ಹೋದೆ. ಮೆಕ್ಯಾನಿಕ್ ನನ್ನ ಬಟ್ಟೆಯ ಮಣ್ಣು ನೋಡಿ ಪೆಚ್ಚಾದ. ಉದ್ದನೆಯ ಕ್ಲಚ್ ವೈರು ತರಿಸಿದ, ಹ್ಯಾಂಡಲ್ ತುಂಡುಗಳನ್ನು ತುಸು ಹೊರಕ್ಕೆ ತಿರುಗಿಸಿದ. ಗಾಡಿಯನ್ನು ನಿಂತಲ್ಲೇ ಎಡಕ್ಕೂ ಬಲಕ್ಕೂ ಪೂರ್ತಿ ಹೊರಳಿಸಿ, ಟ್ಯಾಂಕಿಗೂ ಕೈಗೂ ನಡುವೆ ಬೆರಳು ಆಡುವಷ್ಟು ಜಾಗ ಉಳಿಯುವತನಕ ನಾನು ಅವನನ್ನು ಬಿಡಲಿಲ್ಲ.

ಆದರೂ ನೋವು ಪೂರ್ತಿ ಹೋಗಲಿಲ್ಲ. ಅದಿರು ಲಾರಿಗಳ ಹಿಂದೆ ಬ್ರೇಕ್ ಹಿಡಿಯುತ್ತ ಸಂಡೂರಿನ ಘಾಟಿ ಇಳಿಯುವಾಗ ಇಡೀ ಮೈ ಮುಂದಕ್ಕೆ ಜಾರಿ ಅಂಗೈ ಮೇಲೆ ಬಂದು ಕೂರುತ್ತಿತ್ತು. ಒಂದು ದಿನ ತರಗತಿಯಲ್ಲಿ ತಬಲಾದ ಮೇಲೆ ಬಾಗಿ ಕೂತ ಮಕ್ಕಳಿಗೆ ಎಂದಿನಂತೆ ಹೇಳಿದೆ: “ಭಾರ ಕುಂತಲ್ಲೇ ಇರ್ಲಿ. ಕೈ ಮ್ಯಾಲೆ ಹಾಕಬ್ಯಾಡ್ರಿ.” ವರ್ಷಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟ ಮಾತು ಗಾಡಿ ಮೇಲೆ ನನಗೇ ಹೊಳೆದಿರಲಿಲ್ಲ.

ಸಂಜೆ ಮೆಕ್ಯಾನಿಕ್‌ಗೆ ಗಾಡಿಯನ್ನು ನೆಟ್ಟಗೆ ಹಿಡಿದುಕೊಳ್ಳಲು ಹೇಳಿ, ಕೂತು, ಎರಡೂ ಕೈ ಬಿಟ್ಟೆ. ಮುಂದಕ್ಕೆ ಮುಗ್ಗರಿಸಿದೆ. ಅಂದರೆ ಇಷ್ಟು ದಿನ ನನ್ನನ್ನು ಹೊತ್ತು ನಿಂತದ್ದು ಮಣಿಕಟ್ಟುಗಳೇ.

“ಸೀಟು ಮುಂದಕ್ಕ ಇಳಿಜಾರು ಐತ್ರಿ,” ಅಂದ ಅವನು. “ಮತ್ತ ಬೆನ್ನಿಗೆ ಆ ಮೂಟಿ ಯಾತರದು?”

ಅದು ನನ್ನ ತಬಲಾ ಚೀಲ. ಶಾಲೆಯಲ್ಲಿದ್ದದ್ದು ಒಂದೇ ಜೋಡಿಯಾದ್ದರಿಂದ ನನ್ನದನ್ನೂ ದಿನಾ ಬೆನ್ನಿಗೆ ಹಾಕಿಕೊಂಡು ಹೋಗುತ್ತಿದ್ದೆ. ಹಿತ್ತಾಳೆಯ ಡಗ್ಗಾ ದಾರಿಯುದ್ದಕ್ಕೂ ನನ್ನನ್ನು ಹಿಂದಿನಿಂದ ನೂಕುತ್ತಿತ್ತು.

ಸೀಟು ಹೊಲಿಯುವವರ ಹತ್ತಿರ ಹೋಗಿ ಮುಂಭಾಗಕ್ಕೆ ಗಟ್ಟಿ ಸ್ಪಂಜು ತುಂಬಿಸಿ ಇಳಿಜಾರು ತೆಗೆಸಿದೆ. ತಬಲಾ ಚೀಲ ಹಿಂದಿನ ಸೀಟಿಗೆ ಹೋಯಿತು, ಕೆಳಗೆ ಮಡಿಸಿದ ಕೌದಿ, ಮೇಲೆ ಬಿಗಿಯಾದ ಬೆಲ್ಟು. ಟ್ಯಾಂಕಿನ ಎರಡೂ ಬದಿಗೆ ರಬ್ಬರ್ ಪಟ್ಟಿ ಅಂಟಿಸಿ ಮೊಣಕಾಲಿನಿಂದ ಗಾಡಿ ಹಿಡಿಯುವುದನ್ನು ಕಲಿತೆ. ಮೊದಲ ವಾರ ತೊಡೆಗಳು ಬೈದುಕೊಂಡವು. ಮೆಕ್ಯಾನಿಕ್ ಕ್ಲಚ್ ಮತ್ತು ಬ್ರೇಕಿನ ಹಿಡಿಗಳನ್ನು ತುಸು ಕೆಳಕ್ಕೆ ಬಾಗಿಸಿದ ಮೇಲೆ ಮೊಣಕೈಯಿಂದ ಬೆರಳತನಕ ಕೈ ಒಂದೇ ಗೆರೆಗೆ ಬಂತು. ಮತ್ತೆ ಕೈ ಬಿಟ್ಟು ನೋಡಿದೆ. ಈ ಸಲ ಮೈ ಕೂತಲ್ಲೇ ನಿಂತಿತು.

ಜೋಮು ಒಮ್ಮೆಲೇ ಹೋಗಲಿಲ್ಲ. ಮೊದಲು ಉಂಗುರಬೆರಳು ಎಚ್ಚರವಾಯಿತು, ಆಮೇಲೆ ಕಿರುಬೆರಳು. ನಾಟಿ ಮುಗಿದ ಗದ್ದೆಗಳ ನಡುವೆ ಕಂಪ್ಲಿಗೆ ಹೋದ ಒಂದು ಭಾನುವಾರ, ಯಾರೂ ಕರೆಯುವ ಮೊದಲೇ ತಬಲಾದ ಮುಂದೆ ಕೂತೆ. ಗುರುಗಳು ಕಣ್ಣು ಮುಚ್ಚಲಿಲ್ಲ, ನನ್ನ ಎಡಗೈಯನ್ನೇ ನೋಡುತ್ತ ಕೂತರು. ಮುಗಿಸುವತನಕ ತಡೆಯಲಿಲ್ಲ. ಆಮೇಲೆ ಎದ್ದು ಅಂಗಳಕ್ಕೆ ಹೋಗಿ ಹ್ಯಾಂಡಲ್ ಹಿಡಿದು ನೋಡಿದರು, ಸೀಟನ್ನು ಒತ್ತಿ ನೋಡಿದರು.

“ಕಚೇರಿಗೆ ಜರಿ ಸೀರಿ ಉಡು,” ಅಂದರು. “ಆ ಹಾಡೋ ಬಾಯಾರಿಗೆ ಅದೆಲ್ಲಾ ಭಾಳ ಮುಖ್ಯ.”

ಕಚೇರಿಯ ದಿನ ಜರಿ ಸೀರೆಯನ್ನೇ ಉಟ್ಟಿದ್ದೆ. ಗಾಯಕಿ ನಿಧಾನಲಯದಲ್ಲಿ ಹಾಡು ಎತ್ತಿಕೊಂಡು ಬಹಳ ಹೊತ್ತು ಆ ಲಯದಲ್ಲೇ ನಿಂತರು. ಎಡಗೈ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲದ ಹಾಡು. ನಡುವೆ ಒಮ್ಮೆ ಅವರು ನನ್ನ ಕಡೆ ತಿರುಗಿ ತಲೆಯಾಡಿಸಿದರು, ನಾನು ಡಗ್ಗಾವನ್ನು ಇನ್ನಷ್ಟು ಒತ್ತಿ ನಾದವನ್ನು ಎಳೆದೆ. ಸಭೆ ಮುಗಿದ ಮೇಲೆ ಗುರುಗಳು ಶಾಲು ಮಡಚುತ್ತ ಅಂದರು, “ಮುಂದಿನ ಕಚೇರಿ ಸಂಡೂರಾಗ. ನಾವು ಕಾರಿನಾಗ ಬರ್ತೀವಿ, ನೀ ಜಲ್ದಿ ಹೋಗಿ ಶ್ರುತಿ ಮಾಡಿಟ್ಟಿರು.”

ಸಂಡೂರಿನ ಕಚೇರಿಯ ದಿನ ಅವರ ಕಾರು ಘಾಟಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡಿದ್ದಾಗ ನಾನು ವೇದಿಕೆಯ ಮೇಲೆ ಕೂತು ತಬಲಾ ಹದ ಮಾಡುತ್ತಿದ್ದೆ.