ಹುಳುಮನೆಯ ಹೊರಗೆ ಮೂರು ದಿನ

ನಮ್ಮದು ರೇಷ್ಮೆ ಬೆಳೆಯುವ ಮನೆ. ಜಡಿಗೇನಹಳ್ಳಿಯ ಆಸುಪಾಸಿನಲ್ಲಿ ಈಗ ಎಲ್ಲರೂ ಗುಲಾಬಿ, ಕ್ಯಾಪ್ಸಿಕಂ ಅಂತ ಓಡುತ್ತಿದ್ದಾರೆ. ನಾವು ಮಾತ್ರ ಹಿಪ್ಪುನೇರಳೆ ಬಿಟ್ಟಿಲ್ಲ. ಹುಳು ಬಲು ನಾಜೂಕು ಅಂತ ಮನೆಯಲ್ಲೊಂದು ಕಟ್ಟುನಿಟ್ಟು: ಹೊರಗಾದ ಹೆಂಗಸು ಮೂರು ದಿನ ಹುಳುಮನೆಯ ಹೊಸಿಲು ದಾಟಬಾರದು. ನನಗೆ ಇದನ್ನು ಹೇಳಿದ್ದು ನನ್ನ ಅತ್ತೆ, ಅವರಿಗೆ ಅವರತ್ತೆ. ಹೊಸಕೋಟೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ಮಗಳು ನಗುತ್ತಿದ್ದಳು. "ಹುಳಕ್ಕೆ ಕ್ಯಾಲೆಂಡರ್ ನೋಡಕ್ಕೆ ಬರತ್ತಾ ಅಮ್ಮ?" ಅನ್ನುತ್ತಿದ್ದಳು. ಹಾಗಂದರೂ ಸೊಪ್ಪು ಹಾಕುವ ಕೆಲಸ ತಪ್ಪಿತಲ್ಲ ಅಂತ ಆ ಮೂರು ದಿನ ಜಗಲಿಯ ಮೇಲೆ ಮಹಾರಾಣಿಯ ಹಾಗೆ ಕೂತಿರುತ್ತಿದ್ದಳು. ಅವಳ ಪಾಲಿನ ಕೆಲಸವೂ ನನ್ನ ಸೊಂಟಕ್ಕೇ ಬೀಳುತ್ತಿತ್ತು. ನಾನು ಗೊಣಗುತ್ತಿದ್ದೆ. ಹಾಗಾಗಿ ಅವಳ ದಿನಗಳು ಅವಳಿಗಿಂತ ನನಗೇ ಚೆನ್ನಾಗಿ ನೆನಪಿರುತ್ತಿದ್ದವು.

ಎರಡು ವರ್ಷದ ಹಿಂದೆ ಅವಳ ಹೊಟ್ಟೆ ಬಿಗಿಯಾಗತೊಡಗಿತು. ಗ್ಯಾಸು ಅಂದುಕೊಂಡು ಓಂಕಾಳಿನ ಕಷಾಯ ಕುಡಿಸಿದೆ. ಎರಡು ತಿಂಗಳು ಅದನ್ನೇ ಕುಡಿಸಿದೆ, ನನ್ನ ಬುದ್ಧಿಗಿಷ್ಟು! ಕೊನೆಗೆ ಚೂಡಿದಾರದ ಮೇಲೂ ಹೊಟ್ಟೆ ಕಾಣುವಂತಾಗಿ, ನೋವೂ ಶುರುವಾದಾಗ ಹೊಸಕೋಟೆಯ ಒಂದು ಸಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪಕ್ಕದ ಮನೆಯಲ್ಲೇ ಇರುವ ನನ್ನ ನಾದಿನಿ, ಕರೆಯದಿದ್ದರೂ ಜೊತೆಗೆ ಬಂದಳು. ಮೂತ್ರ ಪರೀಕ್ಷೆ ಮಾಡಿದ ನರ್ಸು ಹೊರಗೆ ಬಂದು, ಮಗಳ ಕೊರಳನ್ನೊಮ್ಮೆ ನೋಡಿ, ತಾಳಿ ಇಲ್ಲದ್ದನ್ನು ಕಂಡು, ದನಿ ತಗ್ಗಿಸಿ ಹೇಳಿದಳು: ಬಸುರಿ.

ಸುಳ್ಳು ಹೇಳಲಾರೆ, ಅರೆಗಳಿಗೆ ನಾನೂ ನನ್ನ ಮಗಳನ್ನು ಕಳ್ಳಿಯನ್ನು ನೋಡುವ ಹಾಗೆ ನೋಡಿದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವಳು ಅಳಲಿಲ್ಲ. ತಲೆ ಎತ್ತಿ ನನ್ನನ್ನೇ ನೋಡುತ್ತಾ, "ಅಮ್ಮ, ಹಂಗೇನೂ ಇಲ್ಲ. ಇದೇನೋ ಬೇರೆ. ಸ್ಕ್ಯಾನ್ ಮಾಡ್ಸು" ಅಂದಳು.

ನಾದಿನಿ ನನ್ನ ಸೆರಗು ಹಿಡಿದು ಮೂಲೆಗೆ ಎಳೆದಳು. "ಅತ್ತಿಗೆ, ನಂಗೊಬ್ಳು ನರ್ಸಮ್ಮ ಗೊತ್ತು. ನಾಲ್ಕು ಮಾತ್ರೆ ನುಂಗ್ಸಿದ್ರೆ ಮುಗೀತು. ಯಾರ್ಗೂ ಗೊತ್ತಾಗಲ್ಲ."

"ನನ್ ಮಗಳು ಇಲ್ಲ ಅಂತವ್ಳೆ."

"ಹೆತ್ತೋರ್ಗೆ ಹೆಗ್ಗಣ ಮುದ್ದು" ಅಂದಳು ನಾದಿನಿ.

ಆ ಮಾತಿಗೆ ನನಗೆ ಕೋಪ ನೆತ್ತಿಗೇರಿತು. ಕೋಪದ ಜೊತೆಗೇ ನೆನಪೂ ಬಂತು. ಹನ್ನೆರಡು ದಿನದ ಹಿಂದೆ, ಹುಳುಗಳು ಪೊರೆ ಬಿಟ್ಟು ಹಸಿದು ಎದ್ದ ದಿನ, ರಾಶಿ ಸೊಪ್ಪು ಬೇಕಾದ ಹೊತ್ತಿನಲ್ಲಿ ಮಗಳು ಹೊರಗಾಗಿ ಜಗಲಿ ಹಿಡಿದಿದ್ದಳು. ಹಿಂದಿನ ತಿಂಗಳೂ ಅಷ್ಟೇ, ಅದರ ಹಿಂದಿನದೂ ಅಷ್ಟೇ. ಮತ್ತೆ ಐದು ತಿಂಗಳ ಬಸುರಿನಂತೆ ಕಾಣುವ ಈ ಹೊಟ್ಟೆ ಎಲ್ಲಿಂದ ಬಂತು? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ. ಮಗಳ ಕೈ ಹಿಡಿದುಕೊಂಡು ಸೀದಾ ಡಾಕ್ಟರಮ್ಮನ ಕೋಣೆಗೆ ನುಗ್ಗಿದೆ. ಹುಳು, ಸೊಪ್ಪು, ಜಗಲಿ ಎಲ್ಲ ಒಂದೇ ಉಸಿರಿಗೆ ಹೇಳಿದೆ.

ಆಕೆ ನಗಲಿಲ್ಲ. "ಬಸುರೀಲೂ ಕೆಲವರಿಗೆ ರಕ್ತ ಹೋಗತ್ತೆ, ಬರೀ ಅದನ್ನೇ ನಂಬಕ್ಕಾಗಲ್ಲ. ಆದರೆ ನೀವು ಹೇಳೋದಕ್ಕೂ ಹೊಟ್ಟೆಗೂ ತಾಳೆಯಾಗ್ತಿಲ್ಲ" ಅಂದು ಆಗಲೇ ಸ್ಕ್ಯಾನ್ ಮಾಡಿಸಿದರು. ಗರ್ಭಕೋಶ ಖಾಲಿ ಇತ್ತು. ಅದರ ಪಕ್ಕದಲ್ಲಿ, ಎಡಗಡೆಯ ಅಂಡಾಶಯದಲ್ಲಿ, ತೆಂಗಿನಕಾಯಿ ಗಾತ್ರದ ಗೆಡ್ಡೆ.

ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅದರ ಹೆಸರು ಹೇಳಿದರು: ಜರ್ಮ್ ಸೆಲ್ ಟ್ಯೂಮರ್. ಅಂಡಾಣು ಆಗಬೇಕಾದ ಜೀವಕೋಶವೇ ದಾರಿ ತಪ್ಪಿ ಗೆಡ್ಡೆಯಾಗುತ್ತದಂತೆ. ಅಂಥ ಕೆಲವು ಗೆಡ್ಡೆಗಳು ಬಸುರಿಯರಲ್ಲಿ ಬರುವ ಹಾರ್ಮೋನನ್ನೇ ರಕ್ತಕ್ಕೆ ಬಿಡುತ್ತವಂತೆ. ಪರೀಕ್ಷೆ ಮೋಸ ಹೋಗಿದ್ದು ಅದಕ್ಕೆ. "ಬೇಗ ಬೆಳೆಯೋ ಜಾತಿ ಇದು. ಆದರೆ ಔಷಧಿಗೂ ಬೇಗ ಬಗ್ಗತ್ತೆ. ಬಹಳಷ್ಟು ಹುಡುಗೀರು ಪೂರ್ತಿ ಗುಣವಾಗ್ತಾರೆ. ಮಾತ್ರೆ ನುಂಗಿಸಿ ಮನೇಲಿ ಕೂರಿಸಿದ್ರೆ ಒಳಗೇ ಹರಡಿಬಿಡ್ತಿತ್ತು" ಅಂದರು ದೊಡ್ಡ ಡಾಕ್ಟರು, ನಾದಿನಿ ಹೇಳಿದ್ದ ಮಾತ್ರೆಯ ವಿಷಯ ನನ್ನ ಬಾಯಿಂದ ಕೇಳಿ.

ಗೆಡ್ಡೆಯ ಜೊತೆ ಎಡಗಡೆಯ ಅಂಡಾಶಯವನ್ನು ತೆಗೆದರು, ಬಲಗಡೆಯದನ್ನೂ ಗರ್ಭಕೋಶವನ್ನೂ ಉಳಿಸಿದರು. ಆಮೇಲೆ ಮೂರು ವಾರಕ್ಕೊಮ್ಮೆಯಂತೆ ಮೂರು ಸುತ್ತು ಕೀಮೋ. ಹುಳುಮನೆಯನ್ನು ನಮ್ಮ ಯಜಮಾನರು ಒಬ್ಬರೇ ನೋಡಿಕೊಂಡರು. ಮೊಣಕಾಲು ಮುಟ್ಟುತ್ತಿದ್ದ ಜಡೆ ಹೋಯಿತು. ಗಂಜಿಯೂ ನಿಲ್ಲುತ್ತಿರಲಿಲ್ಲ, ನೀರು ಕೂಡ ತಗಡಿನ ರುಚಿ ಅನ್ನುತ್ತಿದ್ದಳು. ಪ್ರತಿ ಸುತ್ತಿಗೂ ಅದೇ ಹಾರ್ಮೋನನ್ನು ಅಳೆಯುತ್ತಿದ್ದರು. ಅವಳ ಮೇಲೆ ಅಪವಾದ ಹೊರಿಸಿದ್ದೇ ಈಗ ಸಾವಿರದಿಂದ ನೂರಕ್ಕೆ, ನೂರರಿಂದ ಹತ್ತಕ್ಕೆ ಇಳಿದು, ಕಡೆಗೆ ಇಲ್ಲವೇ ಇಲ್ಲ ಅನ್ನುವಷ್ಟಾಯಿತು. ಆ ಚೀಟಿ ಕೈಗೆ ಬಂದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ಎರಡೆರಡು ಮಸಾಲೆ ವಡೆ ತಿಂದೆವು.

ಒಂದು ವರ್ಷ ತಡವಾದರೂ ಡಿಗ್ರಿ ಮುಗಿಸಿದಳು. ಮೊನ್ನೆ ತಪಾಸಣೆಯಲ್ಲೂ ಎಲ್ಲ ಸರಿಯಿದೆ, ಮುಂದೆ ಮಕ್ಕಳಾಗುವುದಕ್ಕೂ ತೊಂದರೆ ಕಾಣುವುದಿಲ್ಲ ಅಂದರು. ಆ ವಾರವೇ ನಾದಿನಿ ಅನುಗೊಂಡನಹಳ್ಳಿ ಕಡೆಯ ಒಂದು ಸಂಬಂಧ ತಂದಳು. ಮನಸ್ಸಿನಲ್ಲಿ ಕೆಟ್ಟದ್ದಿಟ್ಟುಕೊಂಡು ಬಂದವಳಲ್ಲ, ಅದು ನನಗೂ ಗೊತ್ತು. ಕಾಫಿ ಕುಡಿಯುತ್ತಾ ಹೇಳಿದಳು: "ಒಳ್ಳೇ ಜನ ಅತ್ತಿಗೆ. ಆ ಕಾಯಿಲೆ ಮಾತು ಒಂದು ಎತ್ಬೇಡಿ, ಸಾಕು. ಕೂದ್ಲೂ ಬಂದದೆ, ಯಾರ್ಗೂ ಗೊತ್ತಾಗಲ್ಲ."

ಒಳಗಿದ್ದ ಮಗಳು ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು. "ಅತ್ತೆ, ಅವತ್ತು ಇಲ್ಲದ್ದನ್ನ ಇದೆ ಅಂದಾಗ್ಲೇ ನಾನು ತಲೆ ತಗ್ಗಿಸ್ಲಿಲ್ಲ. ಇವತ್ತು ಗೆದ್ದು ಬಂದಿರೋದನ್ನ ಮುಚ್ಚಿಡೋಕೆ ತಗ್ಗಿಸ್ಲಾ? ಹುಡುಗನ ಮುಂದೆ ಆಸ್ಪತ್ರೆ ಫೈಲ್ ಇಟ್ಕೊಂಡೇ ಕೂರ್ತೀನಿ. ಓದಿದ ಮೇಲೂ ಬೇಕು ಅಂದ್ರೆ ಮಾತಾಡಣ."

ಮಗಳಿಗೆ ಬುದ್ಧಿ ಹೇಳು ಅನ್ನುವ ಹಾಗೆ ನಾದಿನಿ ನನ್ನ ಮುಖ ನೋಡಿದಳು. ನನಗೋ, ಇವಳನ್ನು ಹೆತ್ತವಳು ನಾನು ಅಂತ ಊರಿಗೆಲ್ಲ ಕೂಗಿ ಹೇಳಬೇಕು ಅನ್ನಿಸುತ್ತಿತ್ತು. ಎದ್ದು ಬೀರು ತೆಗೆದು, ಫೈಲನ್ನು ತಂದು ನಾದಿನಿಯ ತೊಡೆಯ ಮೇಲಿಟ್ಟೆ.

"ಮೊದ್ಲು ನೀನು ಓದು" ಅಂದೆ.