ಬಾಗಿಲ ಚೌಕಟ್ಟಿನ ನೆರೆಗೆರೆ

ನಾನು ಕಚೇರಿಯ ಕೆಲಸದಿಂದ ನಿವೃತ್ತನಾಗಿ ನನ್ನೂರು ಹಿರೇಬೆಂಡಿಗೇರಿಗೆ ಮರಳುವ ಹೊತ್ತಿಗೆ ಮಳೆಯ ಸ್ವಭಾವ ಬದಲಾಗಿತ್ತು. ತಿಂಗಳಿಡೀ ಬೀಳಬೇಕಾದದ್ದು ಒಂದೇ ಮಧ್ಯಾಹ್ನ ಸುರಿದುಬಿಡುತ್ತಿತ್ತು. ಕಳೆದ ವರ್ಷ ಹಳ್ಳದ ನೀರು ಪಕ್ಕದ ಮನೆಯ ಅಕ್ಕನವರ ಕೊಟ್ಟಿಗೆಗೆ ನುಗ್ಗಿ ಎಮ್ಮೆಯ ಗೊರಸು ತೋಯಿಸಿತ್ತು. ಅವರಿಗಿದ್ದುದು ಆ ಒಂದೇ ಎಮ್ಮೆ. ಈಗ ಗಬ್ಬ ಬೇರೆ. ಮುಂಗಾರಿಗೆ ಮೊದಲೇ ಎತ್ತರದ ಕಟ್ಟೆಯ ಮೇಲೆ ಕೊಟ್ಟಿಗೆ ಕಟ್ಟಿಸಲು ಬಂಕಾಪುರದಿಂದ ಗೌಂಡಿಯನ್ನು ಕರೆಸಿದರು. ಎಷ್ಟು ಎತ್ತರವೆಂದು ಹೇಳುವ ಹೊಣೆ, ಓದಿದವನೆಂಬ ಕಾರಣಕ್ಕೆ, ನನ್ನ ಪಾಲಿಗೆ ಬಂತು.

ಅವರ ಮುಂಬಾಗಿಲ ಚೌಕಟ್ಟಿನಲ್ಲಿ, ನೆಲದಿಂದ ಎರಡು ಗೇಣು ಎತ್ತರದಲ್ಲಿ, ಮೊಳೆಯಿಂದ ಕೊರೆದ ಗೆರೆಯೊಂದಿತ್ತು. ಹಿಂದಿನ ದೊಡ್ಡ ನೆರೆಯ ಗುರುತೆಂದು ಓಣಿಯವರೆಲ್ಲ ನಂಬಿದ್ದರು. ಕಾಲ ಗೊತ್ತಿಲ್ಲದ ದಾಖಲೆಯನ್ನು ನಾನು ಎಂದೂ ಒಪ್ಪಿದವನಲ್ಲ. ಹಳೆಯ ಪಂಚಾಂಗಗಳನ್ನು ತಿರುವಿದೆ. ಒಬ್ಬರು ತಮ್ಮ ಎತ್ತು ಸತ್ತ ವರ್ಷವೆಂದರು, ಇನ್ನೊಬ್ಬರು ತಡಸದಲ್ಲಿ ತಂಗಿಯ ಮದುವೆ ಮುಂದೆ ಹೋದ ವರ್ಷವೆಂದರು. ಎತ್ತನ್ನೂ ಮದುವೆಯನ್ನೂ ತಾಳೆ ನೋಡುವುದರಲ್ಲಿ ಮೂರು ವಾರ ಕಳೆದವು. ಗೌಂಡಿ ಕಲ್ಲಿನ ರಾಶಿಯ ಮೇಲೆ ಕುಳಿತು ಚಹಾ ಕುಡಿದ. ಕಡೆಗೆ ವರ್ಷ ಖಚಿತವಾಯಿತು. ಎರಡೂವರೆ ಗೇಣು ಸಾಕೆಂದು ಘೋಷಿಸಿ, ನನ್ನ ಟಿಪ್ಪಣಿ ಪೂರ್ತಿಯಾಗಲೆಂದು ಚೌಕಟ್ಟು ಮಾಡಿದ ಬಡಿಗ ಯಾರೆಂದು ವಿಚಾರಿಸಿದೆ.

“ಯಾರಿಗ್ಗೊತ್ರಿ ಅಣ್ಣಾರ. ಸವಣೂರಾಗ ಹಳೇ ಮನಿ ಕೆಡವಿದಾಗ ನಮ್ಮ ಮಾವ್ನೋರು ತಂದದ್ದದು,” ಎಂದರು ಅಕ್ಕ.

ಅಂದರೆ ಗೆರೆಯೂ ಸವಣೂರಿನದೇ. ಮೊದಲೇ ಏಕೆ ಹೇಳಲಿಲ್ಲವೆಂದೆ.

“ನೀವು ಗೆರಿ ಯಾವಾಗಿಂದು ಅಂತ ಕೇಳಿದ್ರಿ. ಎಲ್ಲೀದು ಅಂತ ಕೇಳಲಿಲ್ಲಲ್ರಿ.”

ಹಾಗಾದರೆ ಆ ನೆರೆಯಲ್ಲಿ ಇಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ತಮ್ಮ ಸೊಂಟದವರೆಗೆ, ಎಂದರು. ಆಗಷ್ಟೇ ಮದುವೆಯಾಗಿ ಬಂದಿದ್ದ ಅವರು ಇದೇ ಅಂಗಳದಲ್ಲಿ ಎಮ್ಮೆಯ ಹಗ್ಗ ಹಿಡಿದು ನಿಂತಿದ್ದರಂತೆ. ಗೌಂಡಿ ಅವರನ್ನು ಅಲ್ಲಿಯೇ ನಿಲ್ಲಿಸಿ, ಸೊಂಟದ ಮಟ್ಟಕ್ಕೆ ದಾರ ಕಟ್ಟಿದ. ಅಕ್ಕನವರ ಅಂದಿನ ಎತ್ತರವೂ ಇಂದಿನದೂ ಒಂದೇ ಏನು ಎಂದು ಕೇಳಲು ನಾನು ಬಾಯಿ ತೆರೆದೆ.

“ಸಾಹೇಬ್ರ, ಇನ್ನ ತನಿಖಿ ಸಾಕ್ರಿ,” ಎಂದ ಆತ. “ಮಳಿ ಬಂತು.”

ಆ ಆಷಾಢದ ಒಂದು ಮಧ್ಯಾಹ್ನ ಹಳ್ಳ ಉಕ್ಕಿತು. ನನ್ನ ಮನೆಯೊಳಗೇ ಮೂರು ಗೇಣು ನೀರು. ಟಿಪ್ಪಣಿಗಳ ಟ್ರಂಕು ಹೊತ್ತು, ದಾರದ ಮಟ್ಟಕ್ಕೇ ಎದ್ದಿದ್ದ ಕೊಟ್ಟಿಗೆಯ ಕಟ್ಟೆ ಹತ್ತಿದೆ. ನೀರು ಅದರ ಅಂಚಿಗಿಂತ ಗೇಣು ಕೆಳಗೇ ನಿಂತಿತ್ತು. ಎಮ್ಮೆ ಒಣ ನೆಲದಲ್ಲಿ ಕರು ಹಾಕಿ ನೆಕ್ಕುತ್ತಿತ್ತು. ಪೆನ್ನು ತೆಗೆದು, ಪಕ್ಕದಲ್ಲಿದ್ದ ಅಕ್ಕನವರನ್ನು ಅಂದಿನ ತಾರೀಖು ಕೇಳಿದೆ, ನನಗದು ನೆನಪಾಗಲೊಲ್ಲದು.

“ನಮ್ಮ ಎಮ್ಮಿ ಈದ ದಿನ ಅಂತ ಬರಕೋರಿ,” ಎಂದರು ಅಕ್ಕ.

ಹಾಗೆಯೇ ಬರೆದುಕೊಂಡೆ.